ಊರಲ್ಲೇ ಕೂತು ವ್ಯಾಪಾರ ಸಲಹೆ ಕೊಡುವವರಿಗೆ: ಬ್ಯಾಗಿನಲ್ಲಿ ಏನೇನು ಇರಬೇಕು?

ಬೆಂಗಳೂರಿನ ಕೆಲಸ ಬಿಟ್ಟು ಚಿಕ್ಕಮಗಳೂರಿಗೋ ಹಾಸನಕ್ಕೋ ವಾಪಸ್ ಬಂದವರು, ಬ್ಯಾಂಕಿನಿಂದ ನಿವೃತ್ತರಾದವರು, ಸೇಲ್ಸ್ ಅಥವಾ ಅಕೌಂಟ್ಸ್‌ನಲ್ಲಿ ಪಳಗಿದವರು ಈಗ ಸ್ವಂತವಾಗಿ ವ್ಯಾಪಾರ ಸಲಹೆ ಕೊಡುವ ಕೆಲಸಕ್ಕೆ ಇಳಿಯುತ್ತಿದ್ದಾರೆ. ಕೆಲಸಕ್ಕೇನೂ ಕೊರತೆ ಇಲ್ಲ. ಹೋಂಸ್ಟೇ ನಡೆಸುವವರಿದ್ದಾರೆ. ತಮ್ಮ ತೋಟದ ಕಾಫಿಯನ್ನು ಸ್ವಂತ ಹೆಸರಿನಲ್ಲಿ ಪುಡಿ ಮಾಡಿ ಮಾರಲು ಹೊರಟವರಿದ್ದಾರೆ. ಅರಸೀಕೆರೆ ಕಡೆ ಕೊಬ್ಬರಿ ಎಣ್ಣೆ ಗಾಣ ಹಾಕಿದವರು, ಹಾಸನದಲ್ಲಿ ಆಲೂಗಡ್ಡೆ ಬಿತ್ತನೆ ಬೀಜದ ವ್ಯಾಪಾರ ಮಾಡುವವರು, ಅಪ್ಪನ ಹಾರ್ಡ್‌ವೇರ್ ಅಂಗಡಿಯನ್ನು ದೊಡ್ಡದು ಮಾಡಬೇಕೆನ್ನುವ ಹುಡುಗರು ಎಲ್ಲರಿಗೂ ಲೆಕ್ಕ ಬಲ್ಲ ಒಬ್ಬ ಮನುಷ್ಯ ಬೇಕು.

ಸಲಹೆಗಾರರಿಗೆ ಯಾವ ಸಾಧನ ಬೇಕು ಎಂದು ಕೇಳಿದರೆ ಜನ ಥಟ್ಟನೆ ಆ್ಯಪ್‌ಗಳ ಹೆಸರು ಹೇಳುತ್ತಾರೆ. ನಾನು ನೋಡುವುದು ಒಂದೇ. ನಾವು ಮಾಡಿಕೊಟ್ಟ ಹಾಳೆಯನ್ನು ನಾವು ಎದ್ದು ಬಂದ ಮೇಲೂ ತೋಟದ ಲೆಕ್ಕ ಬರೆಯುವ ರೈಟರೋ, ಹೋಂಸ್ಟೇ ನೋಡಿಕೊಳ್ಳುವ ಮನೆಯವರೋ, ಅಂಗಡಿಯ ಹುಡುಗನೋ ತಾವೇ ತುಂಬುವಂತಿರಬೇಕು. ಹಾಗೆ ತುಂಬಲು ಬಾರದ್ದು ಎಷ್ಟು ದುಬಾರಿಯದಾದರೂ ನಮ್ಮ ಕಡೆ ಉಪಯೋಗಕ್ಕೆ ಬರುವುದಿಲ್ಲ. ಕೆಳಗೆ ಹೇಳುವುದೆಲ್ಲ ಈ ಒಂದು ಅಳತೆಯಲ್ಲಿ ಆರಿಸಿದ್ದು.

ಮೊದಲ ಹೆಜ್ಜೆ: ನಿಮ್ಮ ದಿನದ ದರ ಲೆಕ್ಕ ಹಾಕಿ

ಬೇರೆಯವರ ಲೆಕ್ಕ ನೋಡುವ ಮುಂಚೆ ನಿಮ್ಮದನ್ನು ನೋಡಿಕೊಳ್ಳಿ. ಮನೆಗೆ ತಿಂಗಳಿಗೆ 50,000 ರೂಪಾಯಿ ಬೇಕು ಅಂದುಕೊಳ್ಳಿ. ಪೆಟ್ರೋಲ್, ಫೋನ್, ಇಂಟರ್ನೆಟ್, ಆರೋಗ್ಯ ವಿಮೆ, ನಿಮ್ಮ ಆಡಿಟರ್ ಫೀಸು ಎಲ್ಲ ಸೇರಿ 15,000. ಒಟ್ಟು 65,000. ಇದನ್ನು 25 ದಿನಕ್ಕೆ ಭಾಗಿಸಿದರೆ 2,600 ಬರುತ್ತದೆ. ಹೆಚ್ಚಿನವರು ಇಲ್ಲೇ ನಿಲ್ಲುತ್ತಾರೆ, ಅದು ತಪ್ಪು ಲೆಕ್ಕ. ಇಪ್ಪತ್ತೈದು ದಿನವೂ ಹಣ ಕೊಡುವ ಕೆಲಸ ಇರುವುದಿಲ್ಲ. ಹೊಸಬರನ್ನು ಭೇಟಿ ಮಾಡಬೇಕು, ಮನೆಯಲ್ಲಿ ಕೂತು ಹಾಳೆ ತಯಾರಿಸಬೇಕು, ಬಾಕಿ ವಸೂಲಿಗೆ ಫೋನ್ ಮಾಡಬೇಕು. ನಿಜವಾಗಿ ಬಿಲ್ ಹಾಕಬಹುದಾದ ದಿನ ಹತ್ತು ಸಿಕ್ಕರೆ ಒಳ್ಳೆಯದೇ. ಹಾಗಾದರೆ ದಿನಕ್ಕೆ 6,500. ಈ ಎರಡು ಅಂಕಿಗಳ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ವರ್ಷದೊಳಗೆ ಮತ್ತೆ ಕೆಲಸ ಹುಡುಕಲು ಹೋಗುತ್ತಾರೆ.

ಓಡಾಟದ ಸಮಯವನ್ನೂ ಇದರಲ್ಲೇ ಹಿಡಿಯಿರಿ. ಹಾಸನದಿಂದ ಚಿಕ್ಕಮಗಳೂರಿಗೆ ಸುಮಾರು 60 ಕಿಲೋಮೀಟರ್. ಮ್ಯಾಪಿನಲ್ಲಿ ಚಿಕ್ಕದಾಗಿ ಕಾಣುತ್ತದೆ. ಆದರೆ ಮೂಡಿಗೆರೆ ಆಚೆ ಒಂದು ತೋಟಕ್ಕೆ ಹೋಗಿ ಬಂದರೆ ಆ ದಿನ ಮುಗಿದಂತೆಯೇ. ಹಾಗಾಗಿ ಗಂಟೆ ಲೆಕ್ಕದ ಫೀಸು ನಮ್ಮ ಕಡೆಗೆ ಹೊಂದುವುದಿಲ್ಲ. ಅರ್ಧ ದಿನ, ಪೂರ್ತಿ ದಿನ, ಇಲ್ಲವೇ ಇಡೀ ಕೆಲಸಕ್ಕೆ ಇಷ್ಟು ಎಂದು ಮಾತಾಡಿಕೊಳ್ಳಿ. ಯಾರ ಕೆಲಸಕ್ಕೆ ಎಷ್ಟು ಹೊತ್ತು ಹೋಯಿತು ಎಂಬುದನ್ನು ಮಾತ್ರ ಡೈರಿಯಲ್ಲೋ ಫೋನಿನಲ್ಲೋ ಅವತ್ತೇ ಬರೆದಿಡಿ. ಮುಂದಿನ ಸಲ ಎಷ್ಟು ಕೇಳಬೇಕು ಎಂದು ಆ ಬರಹವೇ ಹೇಳುತ್ತದೆ.

ಎರಡನೇ ಹೆಜ್ಜೆ: ಮೊದಲ ಭೇಟಿಯ ಹಾಳೆ

ಒಂದೇ ಪುಟ ಸಾಕು, ಪ್ರಿಂಟ್ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಳ್ಳಿ. ವ್ಯಾಪಾರ ಯಾರ ಹೆಸರಿನಲ್ಲಿದೆ, ಬ್ಯಾಂಕ್ ಸಾಲ ಎಷ್ಟು, ಕೈಸಾಲ ಎಷ್ಟು, ಲೆಕ್ಕ ಯಾರು ಬರೆಯುತ್ತಾರೆ, ಕಳೆದ ವರ್ಷ ಯಾವ ತಿಂಗಳಲ್ಲಿ ಹಣ ಸಾಲದೆ ಬಂತು. ಈ ಕೊನೆಯ ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಸುಮ್ಮನಿರಿ. ಲಾಭ ಎಷ್ಟು ಎಂದು ಕೇಳಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ. ಯಾವ ತಿಂಗಳು ಕಷ್ಟವಾಯಿತು ಎಂದು ಕೇಳಿದರೆ ಮಾತು ತಾನಾಗಿ ಬರುತ್ತದೆ.

ಹಾಳೆಯ ಮೇಲ್ತುದಿಯಲ್ಲಿ ಇರಬೇಕಾದ ಪ್ರಶ್ನೆ ಇನ್ನೊಂದು: ಕೊನೆಯ ತೀರ್ಮಾನ ಯಾರದ್ದು? ನಮ್ಮಲ್ಲಿ ಕರೆಯುವವನು ಮಗ, ಚೆಕ್‌ಗೆ ಸಹಿ ಹಾಕುವವರು ಅಪ್ಪ, ಗಲ್ಲಾಪೆಟ್ಟಿಗೆ ಲೆಕ್ಕ ನಿಜವಾಗಿ ಗೊತ್ತಿರುವುದು ಅಮ್ಮನಿಗೆ. ಮೂವರ ಜೊತೆಗೂ ಕೂತು ಮಾತಾಡದೆ ಕೆಲಸ ಒಪ್ಪಬೇಡಿ. ಮಗ ಇಷ್ಟಪಟ್ಟು ಒಪ್ಪಿದ ಯೋಜನೆ ಯಜಮಾನರ ಒಂದು ಮಾತಿಗೆ ನಿಂತುಹೋಗುವುದು ತೀರಾ ಸಾಮಾನ್ಯ. ಅಂಥ ಕಡೆ "ನೀವು ಇಷ್ಟು ವರ್ಷ ಹೇಗೆ ನಡೆಸಿಕೊಂಡು ಬಂದ್ರಿ, ಅದನ್ನ ಮೊದಲು ಹೇಳಿ ಸರ್" ಎಂದು ಹಿರಿಯರಿಂದಲೇ ಶುರು ಮಾಡಿ. ಇದು ಬರೀ ಮರ್ಯಾದೆಗೆ ಹೇಳುವ ಮಾತಲ್ಲ. ಹಳೇ ಗ್ರಾಹಕರು ಯಾಕೆ ಉಳಿದಿದ್ದಾರೆ, ಯಾರಿಗೆ ಕಡ ಕೊಡಬಾರದು ಎಂಬ ಮಾಹಿತಿ ಇರುವುದು ಅವರ ಹತ್ತಿರವೇ.

ಮೂರನೇ ಹೆಜ್ಜೆ: ಒಪ್ಪಿಗೆ ಪತ್ರ

ಗೊತ್ತಿರುವವರ ಹತ್ತಿರ ಬರೆದುಕೊಳ್ಳುವುದಾ ಎಂಬ ಸಂಕೋಚ ಎಲ್ಲರಿಗೂ ಇರುತ್ತದೆ. ಗೊತ್ತಿರುವವರ ಹತ್ತಿರವೇ ಬರೆದುಕೊಳ್ಳಬೇಕು. ಯಾಕೆಂದರೆ ಜಗಳವಾದರೆ ಹೋಗುವುದು ಫೀಸು ಮಾತ್ರವಲ್ಲ, ಮದುವೆ ಮನೆಯಲ್ಲಿ ಮುಖ ನೋಡದ ಹಾಗೆ ಆಗುತ್ತದೆ.

ಕನ್ನಡದಲ್ಲಿ, ಎರಡು ಪುಟ ಮೀರದಂತೆ ಬರೆಯಿರಿ. ಏನು ಮಾಡಿಕೊಡುತ್ತೀರಿ, ಯಾವ ತಾರೀಖಿನೊಳಗೆ, ಅವರು ಯಾವ ಯಾವ ಕಾಗದ ಕೊಡಬೇಕು, ಫೀಸು ಎಷ್ಟು, ಯಾವಾಗ. ಇವೆಲ್ಲಕ್ಕಿಂತ ಮುಖ್ಯವಾದದ್ದು "ಈ ಕೆಲಸದಲ್ಲಿ ಸೇರಿಲ್ಲದ್ದು" ಎಂಬ ಭಾಗ. ಬೆಲೆ ನಿಗದಿ ಮಾಡಿಕೊಡಲು ಬಂದವರಿಗೆ ಜಿಎಸ್‌ಟಿ ರಿಟರ್ನ್ ಹಾಕುವ ಕೆಲಸ, ಫೇಸ್‌ಬುಕ್ ಪೇಜ್ ಮಾಡುವ ಕೆಲಸ, ಲೈಸೆನ್ಸಿಗೆ ಪಂಚಾಯಿತಿ ಆಫೀಸಿಗೆ ಓಡಾಡುವ ಕೆಲಸ ಎಲ್ಲ ಒಂದೊಂದಾಗಿ ಅಂಟಿಕೊಳ್ಳುತ್ತವೆ. ಅವುಗಳ ಹೆಸರನ್ನೇ ಬರೆದು, ಬೇಕಾದರೆ ಬೇರೆ ಫೀಸು ಎಂದು ಸೇರಿಸಿ.

ಇನ್ನೊಂದು ಸಾಲು ಸಣ್ಣ ಊರಿನಲ್ಲಿ ಬಹಳ ಮುಖ್ಯ. ಒಂದೇ ರಸ್ತೆಯ ಎರಡು ಅಂಗಡಿ, ಒಂದೇ ಗುಡ್ಡದ ಎರಡು ಹೋಂಸ್ಟೇ ನಿಮ್ಮನ್ನು ಕರೆಯಬಹುದು. ಒಬ್ಬರ ಕೆಲಸ ನಡೆಯುತ್ತಿರುವಾಗ ಮತ್ತು ಮುಗಿದ ಆರು ತಿಂಗಳವರೆಗೆ ಅವರ ನೇರ ಪೈಪೋಟಿಯವರ ಕೆಲಸ ಒಪ್ಪುವುದಿಲ್ಲ ಎಂದು ಬರೆದುಕೊಡಿ. ಆ ಮಾತಿಗೆ ಬದ್ಧರಾಗಿರಿ. ಊರಿನಲ್ಲಿ ನಿಮ್ಮ ಹೆಸರು ಉಳಿಯುವುದು ಇದರಿಂದ.

ಹಣದ ವಿಷಯದಲ್ಲಿ ನನ್ನ ಸಲಹೆ ಹೀಗೆ: ಶುರುವಿನಲ್ಲಿ ಶೇಕಡ 40, ಮಧ್ಯದಲ್ಲಿ 40, ಕೊನೆಯ ಹಾಳೆ ಕೊಟ್ಟಾಗ 20. ಮುಂಗಡ ಕೇಳುವುದಕ್ಕೆ ನಾಚಿಕೆ ಬೇಡ. ಮುಂಗಡ ಕೊಟ್ಟವರು ಕಾಗದಪತ್ರಗಳನ್ನೂ ಬೇಗ ಹುಡುಕಿ ಕೊಡುತ್ತಾರೆ.

ನಾಲ್ಕನೇ ಹೆಜ್ಜೆ: ಲೆಕ್ಕದ ಹಾಳೆಗಳು

ನಿಜವಾದ ಕೆಲಸ ಇರುವುದು ಇಲ್ಲಿ. ಎಕ್ಸೆಲ್ ಇದ್ದರೆ ಎಕ್ಸೆಲ್, ಇಲ್ಲದಿದ್ದರೆ ಗೂಗಲ್ ಶೀಟ್ಸ್ ಸಾಕು. ತೋಟದ ಒಳಗೆ ನೆಟ್‌ವರ್ಕ್ ಸಿಗುವುದಿಲ್ಲ, ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ. ಹಾಗಾಗಿ ಹೊರಡುವ ಮುಂಚೆ ಫೈಲುಗಳನ್ನು ಫೋನಿನಲ್ಲಿ ಆಫ್‌ಲೈನ್ ಮಾಡಿಕೊಳ್ಳಿ. ಒಂದು ಪವರ್ ಬ್ಯಾಂಕ್ ಮತ್ತು ಪ್ರಿಂಟ್ ಮಾಡಿದ ಖಾಲಿ ಹಾಳೆಗಳು ಜೊತೆಗಿರಲಿ.

ಮೊದಲ ಹಾಳೆ: ಎಷ್ಟು ವ್ಯಾಪಾರವಾದರೆ ಖರ್ಚು ಸರಿಹೋಗುತ್ತದೆ? ಮುಳ್ಳಯ್ಯನಗಿರಿ ಕಡೆಯ ಒಂದು ಹೋಂಸ್ಟೇ ಎಂದುಕೊಳ್ಳಿ. ಇದು ಉದಾಹರಣೆಗೆ ಹಾಕಿದ ಲೆಕ್ಕ, ಅಂಕಿಗಳನ್ನು ನಿಮ್ಮ ಗ್ರಾಹಕರ ಬಿಲ್ ನೋಡಿ ಬದಲಿಸಿಕೊಳ್ಳಿ. ಐದು ರೂಮು, ಹತ್ತು ಜನ. ಊಟ ತಿಂಡಿ ಸೇರಿ ಒಂದು ರಾತ್ರಿಗೆ ತಲೆಗೆ 2,000 ರೂಪಾಯಿ. ಅದರಲ್ಲಿ ಅಡುಗೆ ಸಾಮಾನು ಮತ್ತು ಗ್ಯಾಸ್ 550. ಬುಕಿಂಗ್ ಆ್ಯಪ್‌ನ ಕಮಿಷನ್ ಶೇಕಡ 15, ಅಂದರೆ 300. ಬಟ್ಟೆ ಒಗೆಯುವುದು, ಬಿಸಿನೀರು, ಸೋಪು 150. ಉಳಿಯುವುದು ತಲೆಗೆ 1,000.

ಈಗ ಜನ ಬಂದರೂ ಬರದಿದ್ದರೂ ಆಗುವ ಖರ್ಚು. ಇಬ್ಬರು ಕೆಲಸದವರ ಸಂಬಳ 30,000, ಕರೆಂಟು, ಜನರೇಟರ್ ಡೀಸೆಲ್, ವೈಫೈ 10,000, ಸಾಲದ ಕಂತು 25,000, ರಿಪೇರಿ 5,000. ಒಟ್ಟು 70,000. ಅಂದರೆ ತಿಂಗಳಿಗೆ 70 ತಲೆ ಬಂದರೆ ಖರ್ಚಿಗೆ ಸರಿ. ಶುಕ್ರವಾರ, ಶನಿವಾರ ರಾತ್ರಿ ರೂಮು ತುಂಬಿದರೆ ನಾಲ್ಕು ವಾರಕ್ಕೆ 80 ತಲೆ. ಸೀಸನ್‌ನಲ್ಲಿ ತೊಂದರೆ ಇಲ್ಲ. ಜೂನ್‌ನಿಂದ ಮಳೆ ಹಿಡಿದು ಅರ್ಧಕ್ಕರ್ಧ ಜನ ಕಡಿಮೆಯಾದರೆ 40 ತಲೆ, ತಿಂಗಳಿಗೆ 30,000 ಕೈಯಿಂದ ಹೋಗುತ್ತದೆ. ಹಾಗಾದರೆ ಸೀಸನ್‌ನ ಹಣದಲ್ಲಿ ಎಷ್ಟು ಎತ್ತಿಡಬೇಕು ಎಂಬುದು ಕಣ್ಣ ಮುಂದೆ ಬರುತ್ತದೆ.

ಇದೇ ಹಾಳೆಯಲ್ಲಿ ಇನ್ನೊಂದು ವಿಷಯವೂ ಕಾಣುತ್ತದೆ. ಆ 80ರಲ್ಲಿ 40 ಜನ ಆ್ಯಪ್ ಬಿಟ್ಟು ನೇರವಾಗಿ ಫೋನ್ ಮಾಡಿ ಬಂದರೆ ತಿಂಗಳಿಗೆ 12,000 ಉಳಿಯುತ್ತದೆ. ಅಲ್ಲಿಂದ ನಿಮ್ಮ ಸಲಹೆ ಹುಟ್ಟುತ್ತದೆ: ಬಂದು ಹೋದವರ ನಂಬರ್ ಒಂದು ಪಟ್ಟಿಯಲ್ಲಿ ಇಡಿ, ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ರೂಮಿನ ಫೋಟೊ ಮತ್ತು ರೇಟು ಹಾಕಿ, ಅವರು ಒಪ್ಪಿದ್ದರೆ ಮಾತ್ರ ಮೆಸೇಜ್ ಕಳಿಸಿ. ಅಂಕಿಯಿಂದ ಬಂದ ಸಲಹೆಯನ್ನು ಜನ ಕೇಳುತ್ತಾರೆ.

ಎರಡನೇ ಹಾಳೆ: ಹಣ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ? ಕಾಫಿ ಬೆಳೆಗಾರರಿಗೆ ಇದಕ್ಕಿಂತ ದೊಡ್ಡ ಸಾಧನ ಇಲ್ಲ. ಹಣ್ಣು ಕೊಯ್ಲು ನವೆಂಬರ್‌ನಿಂದ ಫೆಬ್ರವರಿ, ಕೆಲವು ಕಡೆ ಮಾರ್ಚ್‌ವರೆಗೂ. ಹಣ ಬರುವುದು ಮಾರಾಟವಾದಾಗ. ಖರ್ಚು ಮಾತ್ರ ವರ್ಷಪೂರ್ತಿ. ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಡೀಸೆಲ್. ಮಳೆಗೆ ಮುಂಚೆ ಗೊಬ್ಬರ ಮತ್ತು ರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ. ಆಮೇಲೆ ಕಳೆ, ಚಿಗುರು ತೆಗೆಯುವುದು, ನೆರಳು ಮರಗಳ ಕೊಂಬೆ ಕಡಿಯುವುದು. ವಾರ ವಾರ ಬಟವಾಡೆ ತಪ್ಪುವುದಿಲ್ಲ.

ಹನ್ನೆರಡು ತಿಂಗಳಿಗೆ ಹನ್ನೆರಡು ಕಾಲಂ ಹಾಕಿ. ಮೇಲಿನ ಸಾಲು ಕೈಯಲ್ಲಿರುವ ಹಣ, ಆಮೇಲೆ ಬರುವುದು, ಹೋಗುವುದು, ಕೊನೆಯ ಸಾಲು ಉಳಿದದ್ದು. ಈ ತಿಂಗಳ ಕೊನೆಯ ಸಾಲೇ ಮುಂದಿನ ತಿಂಗಳ ಮೇಲಿನ ಸಾಲು. ಉಳಿಕೆ ಸೊನ್ನೆಗಿಂತ ಕೆಳಗೆ ಹೋದ ತಿಂಗಳಿಗೆ ಕೆಂಪು ಬಣ್ಣ ಬಳಿಯಿರಿ. ವರ್ಷದ ಲೆಕ್ಕದಲ್ಲಿ ಲಾಭವಿರುವ ತೋಟಕ್ಕೂ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಕೆಂಪು ಬರುವುದುಂಟು. ಆ ತಿಂಗಳ ಬಟವಾಡೆಗಾಗಿ ವ್ಯಾಪಾರಿಯ ಹತ್ತಿರ ಮುಂಗಡ ತೆಗೆದುಕೊಂಡು, ಕೊಯ್ಲಿನಲ್ಲಿ ಅವರು ಹೇಳಿದ ರೇಟಿಗೇ ಮಾಲು ಹಾಕಬೇಕಾಗುತ್ತದೆ. ಕೆಂಪು ತಿಂಗಳು ಆರು ತಿಂಗಳು ಮೊದಲೇ ಗೊತ್ತಾದರೆ ಬೆಳೆ ಸಾಲದ ಮಿತಿ ಹೆಚ್ಚಿಸಲು ಬ್ಯಾಂಕಿಗೆ ಹೋಗಬಹುದು, ಇಲ್ಲವೇ ಸ್ವಲ್ಪ ಮಾಲು ಮೊದಲೇ ಮಾರಿ ಬೇರೆ ಖಾತೆಯಲ್ಲಿ ಇಡಬಹುದು.

ಈ ಅಂಕಿಗಳನ್ನು ಎಲ್ಲಿಂದ ತರುವುದು? ತೋಟದ ಚೆಕ್‌ರೋಲ್ ನೋಡಿ. ಯಾವ ದಿನ ಎಷ್ಟು ಆಳು, ಯಾವ ಕೆಲಸಕ್ಕೆ ಎಂಬುದು ಅದರಲ್ಲಿ ಇರುತ್ತದೆ. ರೈಟರ್ ಜೊತೆ ಒಂದು ಮಧ್ಯಾಹ್ನ ಕೂತು ಕಳೆದ ವರ್ಷದ ಚೆಕ್‌ರೋಲನ್ನು ಕೆಲಸದ ಪ್ರಕಾರ ವಿಂಗಡಿಸಿದರೆ, ಕಳೆಗೆ ಎಷ್ಟು ಹೋಯಿತು, ಕೊಯ್ಲಿಗೆ ಎಷ್ಟು ಹೋಯಿತು ಎಂದು ಯಜಮಾನರಿಗೇ ಮೊದಲ ಸಲ ಗೊತ್ತಾಗುತ್ತದೆ. ಹಾಳೆಯ ಕಾಲಂಗಳಿಗೆ ರೈಟರ್ ಬಳಸುವ ಹೆಸರುಗಳನ್ನೇ ಇಡಿ. ನೀವು ಕಲಿತ ಹೆಸರು ಇಟ್ಟರೆ ಮುಂದಿನ ತಿಂಗಳು ಅವರು ತುಂಬುವುದಿಲ್ಲ.

ಐದನೇ ಹೆಜ್ಜೆ: ಮಾತಾಡಿದ್ದನ್ನು ಅವತ್ತೇ ಬರೆದು ಕಳಿಸಿ

ನಮ್ಮ ಕಡೆ ಅರ್ಧ ಕೆಲಸ ಫೋನಿನಲ್ಲಿ, ಇನ್ನರ್ಧ ವಾಯ್ಸ್ ಮೆಸೇಜಿನಲ್ಲಿ ನಡೆಯುತ್ತದೆ. ತಿಂಗಳಾದ ಮೇಲೆ ಯಾರು ಏನು ಹೇಳಿದ್ದು ಎಂದು ಯಾರಿಗೂ ನೆನಪಿರುವುದಿಲ್ಲ. ಮಾತು ಮುಗಿದ ದಿನವೇ ವಾಟ್ಸ್ಆ್ಯಪ್‌ನಲ್ಲಿ ಹೀಗೊಂದು ಮೆಸೇಜ್ ಹಾಕಿ:

"ನಮಸ್ಕಾರ ಸರ್. ಇವತ್ತು ಮಾತಾಡಿಕೊಂಡಿದ್ದು: 1. ಜೂನ್ ತಿಂಗಳು ಸೋಮವಾರದಿಂದ ಗುರುವಾರದವರೆಗೆ ಮಾತ್ರ ತಲೆಗೆ 1,600 ರೇಟು. 2. ತರಕಾರಿ, ಗ್ಯಾಸ್ ಬಿಲ್ ಫೋಟೊ ಪ್ರತಿ ಶನಿವಾರ ಅಕ್ಕ ಗ್ರೂಪಿಗೆ ಹಾಕ್ತಾರೆ. 3. ನಾನು 12ನೇ ತಾರೀಖಿನೊಳಗೆ ಲೆಕ್ಕದ ಹಾಳೆ ಕಳಿಸ್ತೀನಿ. ಏನಾದ್ರೂ ಬಿಟ್ಟುಹೋಗಿದ್ರೆ ತಿಳಿಸಿ."

ಇಷ್ಟೇ. ಕನ್ನಡ ಟೈಪ್ ಮಾಡುವುದು ನಿಧಾನ ಎನ್ನುವವರು ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡ ಆರಿಸಿ ಮೈಕ್ ಒತ್ತಿ ಮಾತಾಡಿ, ಚೆನ್ನಾಗಿಯೇ ಬರೆದುಕೊಳ್ಳುತ್ತದೆ. ಅಂಕಿಗಳನ್ನು ಮಾತ್ರ ಒಂದು ಸಲ ಕಣ್ಣಾರೆ ನೋಡಿ ಕಳಿಸಿ. ಬಿಲ್ಲುಗಳನ್ನು ಗೂಗಲ್ ಡ್ರೈವ್‌ನ ಸ್ಕ್ಯಾನ್ ಸೌಲಭ್ಯದಲ್ಲೇ ಪಿಡಿಎಫ್ ಮಾಡಿಕೊಳ್ಳಬಹುದು. ಅದಕ್ಕೆ ಬೇರೆ ಆ್ಯಪ್ ಬೇಡ.

ಎಐ ಚಾಟ್‌ಬಾಟ್‌ಗಳನ್ನು ಪತ್ರದ ಕರಡು ಬರೆಯಲು, ಎಕ್ಸೆಲ್ ಸೂತ್ರ ಹುಡುಕಲು ಬಳಸಿಕೊಳ್ಳಿ. ಗ್ರಾಹಕರ ಹೆಸರು, ಬ್ಯಾಂಕ್ ಸ್ಟೇಟ್‌ಮೆಂಟ್ ಮಾತ್ರ ಅದಕ್ಕೆ ಹಾಕಬೇಡಿ. ಅದು ಹೇಳಿದ ತೆರಿಗೆ ದರವನ್ನು ಪರಿಶೀಲಿಸದೆ ಯಾರಿಗೂ ಹೇಳಬೇಡಿ.

ಆರನೇ ಹೆಜ್ಜೆ: ನಿಮ್ಮ ನೋಂದಣಿ, ಬಿಲ್ಲು, ತೆರಿಗೆ

ಸಣ್ಣ ಉದ್ಯಮ ಎಂದು ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಮೊದಲು ಮಾಡಿಸಿಕೊಳ್ಳಿ. ಆಧಾರ್ ಮತ್ತು ಪ್ಯಾನ್ ಇದ್ದರೆ ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಹಣ ಕೇಳುವ ವೆಬ್‌ಸೈಟ್ ಬಂದರೆ ಮುಚ್ಚಿಬಿಡಿ. ಸೇವೆ ಕೊಡುವವರಿಗೂ ಇದು ಸಿಗುತ್ತದೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು, ಬರಹದ ಒಪ್ಪಂದವಿದ್ದರೆ ಅದರಲ್ಲಿ ಹೇಳಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ದಿನ ಗೊತ್ತುಮಾಡಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರು ಕೊಡಲು ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಪಕ್ಕದ ಬೀದಿಯವರ ಮೇಲೆ ಯಾರೂ ಸುಲಭಕ್ಕೆ ದೂರು ಹಾಕುವುದಿಲ್ಲ, ಅಲ್ವಾ? ಅದಕ್ಕೇ ಮುಂಗಡದ ಮಾತು ಮೊದಲೇ ಹೇಳಿದ್ದು. ಆದರೆ ಹೊರಗಿನ ದೊಡ್ಡ ಕಂಪನಿಗೆ ಕೆಲಸ ಮಾಡಿಕೊಟ್ಟಾಗ ಬಿಲ್ಲಿನ ಮೇಲಿನ ಉದ್ಯಮ್ ನಂಬರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ.

ಜಿಎಸ್‌ಟಿ ಬಗ್ಗೆ ಗಾಬರಿ ಬೇಡ. ಸೇವೆ ಕೊಡುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ ನೋಂದಣಿ ಕಡ್ಡಾಯ. ವ್ಯಾಪಾರ ಸಲಹೆಯ ಮೇಲೆ ದರ ಶೇಕಡ 18. ನಿಮ್ಮ ಗ್ರಾಹಕರೆಲ್ಲ ಜಿಎಸ್‌ಟಿ ಇಲ್ಲದ ಸಣ್ಣವರಾದರೆ ಆ 18 ಅವರ ಮೇಲೇ ಬೀಳುತ್ತದೆ. ಹಾಗಾಗಿ ಮಿತಿಗೆ ಮುಂಚೆ ಸುಮ್ನೆ ನೋಂದಾಯಿಸಿಕೊಳ್ಳುವ ಅವಸರ ಬೇಡ.

ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕಾದ ಗ್ರಾಹಕರು ವೃತ್ತಿಪರ ಫೀಸಿನ ಮೇಲೆ ಸಾಮಾನ್ಯವಾಗಿ ಶೇಕಡ 10 ಹಿಡಿಯುತ್ತಾರೆ. 2025ರ ಏಪ್ರಿಲ್‌ನಿಂದ ಟಿಡಿಎಸ್ ಹಿಡಿಯದೆ ಕೊಡಬಹುದಾದ ಫೀಸಿನ ವಾರ್ಷಿಕ ಮಿತಿ 30,000ದಿಂದ 50,000ಕ್ಕೆ ಏರಿದೆ. ಹಿಡಿದ ಹಣ ನಿಮ್ಮ ಪ್ಯಾನ್‌ಗೆ ಜಮೆ ಆಗಿದೆಯೇ ಎಂದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಮೂರು ತಿಂಗಳಿಗೊಮ್ಮೆ ನೋಡಿ. ಲೆಕ್ಕಪತ್ರ ಪೂರ್ತಿ ಇಡದೆ ಅಂದಾಜು ಲಾಭದ ಮೇಲೆ ತೆರಿಗೆ ಕಟ್ಟುವ ಸೌಲಭ್ಯ ನಿಮ್ಮ ಬಗೆಯ ಕೆಲಸಕ್ಕೆ ಹೊಂದುತ್ತದೆಯೇ ಎಂಬುದನ್ನು ಚಾರ್ಟರ್ಡ್ ಅಕೌಂಟೆಂಟ್ ಹತ್ತಿರವೇ ಕೇಳಿ. ಕೆಲಸದ ಸ್ವರೂಪದ ಮೇಲೆ ಅದು ಬದಲಾಗುತ್ತದೆ. ಫೀಸಿಗೆ ಬೇರೆಯೇ ಬ್ಯಾಂಕ್ ಖಾತೆ, ಬೇರೆಯೇ ಯುಪಿಐ ಇಟ್ಟುಕೊಳ್ಳಿ. ವರ್ಷದ ಕೊನೆಯಲ್ಲಿ ಅರ್ಧ ತಲೆನೋವು ಇದರಿಂದಲೇ ಹೋಗುತ್ತದೆ.

ಸಾಲ ಮತ್ತು ಸಬ್ಸಿಡಿ ಕೇಳಿಕೊಂಡು ಬಂದವರಿಗೆ

ಗಾಣ, ಮಸಾಲೆ ಪುಡಿ, ಚಿಪ್ಸ್ ಘಟಕ ಹಾಕುವವರು ಮೊದಲು ಕೇಳುವುದೇ ಸಬ್ಸಿಡಿ ಎಷ್ಟು ಎಂದು. ಸಣ್ಣ ಆಹಾರ ಸಂಸ್ಕರಣಾ ಘಟಕಗಳಿಗಾಗಿ 2020ರಲ್ಲಿ ಶುರುವಾದ ಕೇಂದ್ರದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಹಾಯಧನವನ್ನು ಘಟಕದ ವೆಚ್ಚದ ಶೇಕಡ 35, ಗರಿಷ್ಠ 10 ಲಕ್ಷ ಎಂದು ಇಟ್ಟಿದ್ದರು. ಕರ್ನಾಟಕ ತನ್ನ ಪಾಲು ಸೇರಿಸಿ ಅದನ್ನು ಶೇಕಡ 50, ಗರಿಷ್ಠ 15 ಲಕ್ಷದವರೆಗೆ ಮಾಡಿತು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ, ಬೇರೆ ಯೋಜನೆಗಳಿಗೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಕೇಂದ್ರದ ಯೋಜನೆಯ ಈ ಸಹಾಯಧನ ಕೈಗೆ ಬರುವ ಹಣವಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಇದ್ದು, ಕಂತು ಸರಿಯಾಗಿ ಕಟ್ಟಿದ ಮೇಲೆ ಸಾಲಕ್ಕೆ ಹೊಂದಾಣಿಕೆ ಆಗುತ್ತದೆ. ಇದನ್ನು ಮೊದಲ ದಿನವೇ ಹೇಳಿಬಿಡಿ.

ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬ್ಯಾಂಕಿನವರು ಮೊದಲು ನೋಡುವುದು ಸಾಲ ತೀರಿಸುವ ಶಕ್ತಿ. ತೆರಿಗೆ ಕಳೆದ ಲಾಭಕ್ಕೆ ಸವಕಳಿ (ಯಂತ್ರ, ಕಟ್ಟಡದ ಬೆಲೆ ಇಳಿದದ್ದು) ಮತ್ತು ಸಾಲದ ಬಡ್ಡಿ ಕೂಡಿಸಿ, ಆ ಮೊತ್ತವನ್ನು ವರ್ಷದಲ್ಲಿ ಕಟ್ಟಬೇಕಾದ ಅಸಲು ಮತ್ತು ಬಡ್ಡಿಯ ಒಟ್ಟು ಮೊತ್ತದಿಂದ ಭಾಗಿಸಿ. ಒಂದೂವರೆ ಬಂದರೆ ಉಸಿರಾಡಲು ಜಾಗವಿದೆ. ಒಂದರ ಹತ್ತಿರ ಬಂದರೆ ಒಂದೇ ಮಳೆಗಾಲ ಕೆಟ್ಟರೂ ಸಾಕು, ಕಂತು ಕಟ್ಟಲು ಆಗುವುದಿಲ್ಲ. ಸಬ್ಸಿಡಿ ತೆಗೆದು ನೋಡಿದಾಗ ನಿಲ್ಲದ ವ್ಯಾಪಾರಕ್ಕೆ ರಿಪೋರ್ಟ್ ಬರೆದುಕೊಡಬೇಡಿ, ಎಷ್ಟು ಫೀಸು ಕೊಟ್ಟರೂ.

ಗ್ರಾಹಕರ ಗುಟ್ಟು ಕಾಯುವುದು

ಎಷ್ಟೋ ಜನ ನಂಬಿಕೆಯಿಂದ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್, ಜಿಎಸ್‌ಟಿ ಪಾಸ್‌ವರ್ಡ್ ಎಲ್ಲ ಕಾಗದದಲ್ಲಿ ಬರೆದು ಕೈಗೆ ಕೊಡುತ್ತಾರೆ. ತೆಗೆದುಕೊಳ್ಳಬೇಡಿ. "ನೀವೇ ತೆಗೆದು ಪಿಡಿಎಫ್ ಕಳಿಸಿ" ಎನ್ನಿ, ಬಾರದಿದ್ದರೆ ಪಕ್ಕದಲ್ಲಿ ಕೂತು ಕಲಿಸಿಕೊಡಿ. ಒಬ್ಬೊಬ್ಬ ಗ್ರಾಹಕರಿಗೆ ಒಂದೊಂದು ಫೋಲ್ಡರ್, ನಿಮ್ಮ ಇಮೇಲ್‌ಗೆ ಎರಡು ಹಂತದ ಲಾಗಿನ್, ಲ್ಯಾಪ್‌ಟಾಪ್‌ಗೆ ಪಾಸ್‌ವರ್ಡ್, ಒಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಸ್ಟೇಟ್‌ಮೆಂಟನ್ನು ಫೋಲ್ಡರಿಗೆ ಹಾಕಿದ ಮೇಲೆ ಫೋನಿನಿಂದ ಅಳಿಸಿ, ಗ್ಯಾಲರಿ ಮಕ್ಕಳ ಕೈಗೂ ಸಿಗುತ್ತದೆ.

ಕೆಲಸ ಒಪ್ಪಿಸುವಾಗ

ಕೊನೆಯ ರಿಪೋರ್ಟ್ ಯಜಮಾನರಿಗೆ ಕನ್ನಡದಲ್ಲಿ ಒಂದು ಪುಟ. ಬ್ಯಾಂಕಿಗೆ ಬೇಕಾದರೆ ಇಂಗ್ಲಿಷಿನಲ್ಲಿ ಬೇರೆ ಪ್ರತಿ. ಆ ಒಂದು ಪುಟದಲ್ಲಿ ಮೂರೇ ಕೆಲಸ ಬರೆಯಿರಿ. ಪ್ರತಿಯೊಂದರ ಎದುರು ಯಾರು ಮಾಡಬೇಕು, ಯಾವ ತಾರೀಖು, ಯಾವ ಅಂಕಿ ಬದಲಾದರೆ ಕೆಲಸ ಆಯಿತು ಎಂದು ಗೊತ್ತಾಗುತ್ತದೆ ಎಂಬುದು ಇರಲಿ. ಹತ್ತು ಸಲಹೆ ಕೊಟ್ಟರೆ ಒಂದೂ ನಡೆಯುವುದಿಲ್ಲ.

ಓದಿಸಿ ಎದ್ದು ಬರಬೇಡಿ. ಹಾಳೆ ತುಂಬಬೇಕಾದವರನ್ನು ಕರೆದು, ನಿಮ್ಮ ಎದುರೇ ಕಳೆದ ವಾರದ ಅಂಕಿಗಳನ್ನು ತುಂಬಲು ಹೇಳಿ. ಎಲ್ಲಿ ಕೈ ನಿಲ್ಲುತ್ತದೋ ಆ ಕಾಲಂ ತೆಗೆದುಹಾಕಿ, ಇಲ್ಲವೇ ಹೆಸರು ಬದಲಿಸಿ. ಮೂರು ತಿಂಗಳು ಬಿಟ್ಟು ಒಂದು ಅರ್ಧ ದಿನದ ಭೇಟಿಯನ್ನು ಶುರುವಿನ ಫೀಸಿನಲ್ಲೇ ಸೇರಿಸಿರಿ. ಅವತ್ತು ಹೋದಾಗ ಹೊಸದೇನೂ ಹೇಳಬೇಡಿ. ಹಾಳೆ ಕೇಳಿ, ತುಂಬಿದೆಯೇ ನೋಡಿ, ಖಾಲಿ ಇರುವ ವಾರ ಯಾಕೆ ಖಾಲಿ ಎಂದು ರೈಟರನ್ನು ಕೇಳಿ ಬರೆದುಕೊಳ್ಳಿ.